ರೆಡ್‌ಟೇಲ್ ಕ್ಯಾಟ್‌ಫಿಶ್ ಇರುವ ತೊಟ್ಟಿಗೆ ಜೊತೆಗೆ ಯಾವ ಮೀನು ಬಿಡಬಹುದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾಲ್ಕು ವರ್ಷದ ಹಿಂದೆ ಮೀನಿನ ಅಂಗಡಿಯಲ್ಲಿ ನಿಂತು ನಾನು ಕೇಳಿದ್ದೂ ಇದನ್ನೇ. ನಿಮ್ಮದು ತೋಟದ ಮನೆ ಹಿಂದೆ 20 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳದ ಸಿಮೆಂಟ್ ತೊಟ್ಟಿ. ಅದರಲ್ಲಿ ಒಂದೂವರೆ ಅಡಿಯ ಎರಡು ರೆಡ್‌ಟೇಲ್. ಮೇಲಿಂದ ನೋಡಿದರೆ ಬರೀ ಕಪ್ಪು ಬೆನ್ನು, ಬಣ್ಣಕ್ಕೆ ಹತ್ತು ಕೋಯಿ, ಅಂದರೆ ಬಣ್ಣದ ಗೆಂಡೆ ಮೀನು, ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ.

ನಾನು ಹನ್ನೊಂದು ಬಿಟ್ಟಿದ್ದೆ. ಒಂದು ವಾರ ಎಲ್ಲಾ ಚೆನ್ನಾಗಿತ್ತು. ಆಮೇಲೆ ಎಣಿಸಿದರೆ ಒಂಬತ್ತು, ಇನ್ನೊಂದು ದಿನ ಎಂಟು. ಹೆಣ ತೇಲಿಲ್ಲ, ಹುರುಪೆ ಬಿದ್ದಿರಲಿಲ್ಲ. ನೀರುಕಾಗೆಯ ಕೆಲಸ ಅಂದುಕೊಂಡು ಎರಡು ಸಾವಿರ ಕೊಟ್ಟು ಮೇಲೆ ಬಲೆ ಕಟ್ಟಿಸಿದೆ. ಬಲೆ ಕಟ್ಟಿದ ಮೇಲೂ ಎಂಟು ಆರಾಯಿತು. ಕೊನೆಗೆ ಒಂದು ರಾತ್ರಿ ಟಾರ್ಚ್ ಹಿಡಿದು ಹೋದಾಗ ಕಂಡಿದ್ದು: ರೆಡ್‌ಟೇಲ್ ತಳದಲ್ಲಿ ಸುಮ್ಮನೆ ಮಲಗಿದೆ, ಬಾಯಿಂದ ಕಿತ್ತಳೆ ಬಣ್ಣದ ಬಾಲ ಹೊರಗೆ ಇಣುಕುತ್ತಿದೆ. ನುಂಗಿದ್ದು ಹತ್ತು ಇಂಚಿನ ಕೋಯಿ, ನುಂಗಿದವನು ಇಪ್ಪತ್ತು ಇಂಚು. ಹಗಲೆಲ್ಲ ಅದರ ಮೂಗಿನ ಮುಂದೆಯೇ ಈಜಾಡುತ್ತಿದ್ದ ಕೋಯಿ ಅದು.

ಇವು ಕತ್ತಲಾದ ಮೇಲೆ ಬೇಟೆಗೆ ಇಳಿಯುವ ಮೀನು. ಮೀಸೆಯಿಂದ ತಡಕಿ, ಬಾಯಿ ತೆರೆದು ನೀರಿನ ಸಮೇತ ಎಳೆದುಕೊಂಡು ಇಡಿಯಾಗಿ ನುಂಗುತ್ತವೆ. ಕಚ್ಚಿ ಹರಿಯುವ ಅಭ್ಯಾಸವಿಲ್ಲ. ಹಾಗಾಗಿ ಜೊತೆಗಾರನನ್ನು ಆರಿಸುವಾಗ ಉದ್ದ ನೋಡಿ ಮೋಸ ಹೋಗಬೇಡಿ, ಬೆನ್ನಿಂದ ಹೊಟ್ಟೆಯವರೆಗಿನ ಎತ್ತರ ನೋಡಿ. ಅಡಿ ಉದ್ದದ ರೋಹು ಉರುಟಾಗಿ, ನುಣುಪಾಗಿ ಇರುತ್ತದೆ, ಸಲೀಸಾಗಿ ಒಳಗೆ ಹೋಗುತ್ತದೆ. ಅಷ್ಟೇ ಉದ್ದದ, ತಟ್ಟೆಯ ಹಾಗೆ ಅಗಲವಾದ ಮೀನು ಬಾಯಿಗೆ ಅಡ್ಡ ನಿಲ್ಲುತ್ತದೆ. ನನ್ನ ಲೆಕ್ಕ ಇಷ್ಟೇ: ರೆಡ್‌ಟೇಲಿನ ಬಾಯಿ ಎಷ್ಟು ಅಗಲವೋ ಅದರ ಒಂದೂವರೆ ಪಟ್ಟು ಎತ್ತರ ಬಿಡುವ ಮೀನಿಗೆ ಇರಬೇಕು. ಅದೂ ಇವತ್ತಿನ ಬಾಯಿಗಲ್ಲ, ಮುಂದಿನ ವರ್ಷದ ಬಾಯಿಗೆ. ಅಂಗಡಿಯಲ್ಲಿ ಮೂರು ಇಂಚಿನ ಮುದ್ದು ಮರಿಯಾಗಿ ಸಿಗುವ ಇದು ಅಮೆಜಾನ್, ಒರಿನೋಕೊ ನದಿಗಳದ್ದು. ಅಲ್ಲಿ ನಾಲ್ಕು ಅಡಿ, 50 ಕೆಜಿ ಮುಟ್ಟಿದ ಮೀನುಗಳನ್ನು ಹಿಡಿದಿದ್ದಾರೆ. ನಿಮ್ಮವಿನ್ನೂ ಹುಡುಗರು.

ಈ ಅಳತೆಗೆ ಚೆನ್ನಾಗಿ ಹೊಂದಿದ್ದು ನನ್ನ ಕೈಯಲ್ಲಿ ರೂಪ್‌ಚಂದ್. ಹೌದು, ಮೀನು ಮಾರ್ಕೆಟ್‌ನಲ್ಲಿ ತಿನ್ನೋಕೆ ಸಿಗುವ ಅದೇ ರೂಪ್‌ಚಂದ್. ಅದರ ನಿಜವಾದ ಹೆಸರು ಪಾಕು, ಊರು ಅದೇ ಅಮೆಜಾನ್, ಅಂದರೆ ಇಬ್ಬರೂ ಒಂದೇ ಸೀಮೆಯವರು. ನೆರೆ ನೀರು ಕಾಡಿಗೆ ನುಗ್ಗಿದಾಗ ಉದುರಿದ ಹಣ್ಣು, ಬೀಜ ಒಡೆದು ತಿನ್ನುವ ಮೀನು, ಹಲ್ಲು ನಮ್ಮ ದವಡೆ ಹಲ್ಲಿನ ಥರ ಇರುತ್ತೆ. ನಡುನೀರಿನಲ್ಲಿ ಓಡಾಡಿಕೊಂಡಿರುತ್ತದೆ, ತಳದವರ ತಂಟೆಗೆ ಹೋಗಲ್ಲ. ಒಂದೇ ದೂರು ಅಂದರೆ ಹಸಿದಾಗ ರೆಡ್‌ಟೇಲಿನ ಮೀಸೆ, ರೆಕ್ಕೆ ಕಚ್ಚುವುದು. ದಿನಾ ಸ್ವಲ್ಪ ಪೆಲೆಟ್ (ಅಂಗಡಿಯ ಗುಳಿಗೆ ಆಹಾರ), ಮಾಗಿದ ಬಾಳೆಹಣ್ಣು, ಸೊಪ್ಪು ಹಾಕಿದರೆ ಅದೂ ನಿಲ್ಲುತ್ತದೆ. ಆದರೆ ಮೇಲೆ ಹೇಳಿದ ಎತ್ತರದ ಲೆಕ್ಕಕ್ಕೆ ಬರುವಷ್ಟು ದೊಡ್ಡದನ್ನೇ ತನ್ನಿ. ಮರಿ ತಂದು ಬೆಳೆಸುತ್ತೇನೆ ಅಂದರೆ ಬೇರೆ ತೊಟ್ಟಿಯಲ್ಲಿ ಬೆಳೆಸಿ.

ಇನ್ನೊಂದು ಜೈಂಟ್ ಗೌರಾಮಿ. ಬೆಳೆಯುವುದು ನಿಧಾನ, ಬೆಲೆಯೂ ಜಾಸ್ತಿ, ಆದರೆ ಸೊಪ್ಪು ತಿನ್ನುವ ಸಾಧು. ಮೇಲೆ ಬಂದು ಗಾಳಿ ಕುಡಿಯುತ್ತದಾದ್ದರಿಂದ ಕರೆಂಟ್ ಹೋಗಿ ಪಂಪ್ ನಿಂತರೂ ಸಾಯುವುದಿಲ್ಲ. ಕೆರೆ ಮೀನೇ ಬೇಕು ಅಂದರೆ ಎರಡು-ಮೂರು ಕೆಜಿ ತೂಗುವ ಕಾಟ್ಲಾ ನೋಡಿ, ಅದರ ತಲೆಯೇ ದೊಡ್ಡದು. ಪಂಗಾಸ್ ಬಿಡಬಹುದು ಅಂತ ಬಹಳ ಜನ ಹೇಳುತ್ತಾರೆ. ದೊಡ್ಡದಾಗುತ್ತೆ ನಿಜ, ಆದರೆ ಮಹಾ ಪುಕ್ಕಲು. ಮನುಷ್ಯನ ನೆರಳು ಬಿದ್ದರೂ ಗೋಡೆಗೆ ಮೂತಿ ಚಚ್ಚಿಕೊಳ್ಳುತ್ತದೆ. ಸಿಮೆಂಟ್ ತೊಟ್ಟಿಗೆ ನಾನಂತೂ ಬೇಡ ಅನ್ನುತ್ತೇನೆ.

ಗೋಡೆಯ ಪಾಚಿ ತಿನ್ನಲಿ ಅಂತ ಸಕ್ಕರ್ ಮೀನು ಬಿಡಲೇಬೇಡಿ. ಅದಕ್ಕೆ ಮೈಯೆಲ್ಲಾ ಕವಚ, ಪಕ್ಕದ ರೆಕ್ಕೆಯಲ್ಲಿ ಗಟ್ಟಿ ಮುಳ್ಳು. ಹಿಡಿದರೆ ಮುಳ್ಳು ಸೆಟೆದು ನಿಲ್ಲುತ್ತದೆ. ನನ್ನ ಮೊದಲ ರೆಡ್‌ಟೇಲ್ ಸತ್ತಿದ್ದೇ ಹೀಗೆ. ಗಂಟಲಲ್ಲಿ ಸಿಕ್ಕಿದ ಸಕ್ಕರ್ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಬೆಳಗ್ಗೆ ನೋಡಿದರೆ ಎರಡೂ ಹೋಗಿದ್ದವು. ಜಿಲೇಬಿ ಮೀನು (ತಿಲಾಪಿಯಾ) ಬಿಟ್ಟರೆ ಮರಿ ಹಾಕಿ ಹಾಕಿ ತೊಟ್ಟಿ ತುಂಬುತ್ತದೆ, ದೊಡ್ಡವು ಅದನ್ನೇ ಮೇಯುತ್ತಾ ಪೆಲೆಟ್ ಮೂಸುವುದನ್ನೂ ಬಿಡುತ್ತವೆ. ಹೊಳೆಯ ಬಾಳೆ ಮೀನು ಜೊತೆಗಿಡುವ ಆಸೆ ಕೆಲವರಿಗೆ. ಅದರ ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿರುತ್ತದೆ, ಒಳಗೆ ಸಾಲು ಸಾಲು ಹಲ್ಲು. ಎತ್ತರದ ಲೆಕ್ಕ ಅದರ ಮುಂದೆ ನಡೆಯಲ್ಲ, ನುಂಗಲಾಗದ್ದನ್ನೂ ಗಾಯ ಮಾಡುತ್ತದೆ. ಕೆರೆಗೆ ಗೆಂಡೆ ಮರಿ ಬಿಡುವ ಮೊದಲು ಮೀನಿಗೆ ವಿಷವಾಗುವ ಹಿಪ್ಪೆ ಹಿಂಡಿ ಹಾಕಿ ಬಾಳೆ ಮೀನನ್ನು ಖಾಲಿ ಮಾಡಿಸುವುದು ಸುಮ್ಮನೆ ಅಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಮಾತೇ ಬೇಡ, ಅದರ ಸಾಕಾಣಿಕೆಗೆ ನಮ್ಮ ದೇಶದಲ್ಲಿ ನಿಷೇಧವಿದೆ.

ಎಷ್ಟು ಬಿಡಬಹುದು? ನಿಮ್ಮ ತೊಟ್ಟಿ ಸುಮಾರು 27,000 ಲೀಟರ್. ಕೇಳೋಕೆ ದೊಡ್ಡದು, ಆದರೆ ಈ ಇಬ್ಬರು ತಿಂದು ಹಾಕುವ ಹೊಲಸಿಗೆ ಅರ್ಧ ತೊಟ್ಟಿ ಹೋಯಿತು ಅಂದುಕೊಳ್ಳಿ. ನಾಲ್ಕು ರೂಪ್‌ಚಂದ್, ಒಂದು ಗೌರಾಮಿ, ಅಲ್ಲಿಗೆ ನಿಲ್ಲಿಸಿ. ಹೆಚ್ಚು ತುಂಬಿದರೆ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಸೋತ ಮೀನು ಓರೆಯಾಗಿ ತೇಲುತ್ತದೆ, ಅಳತೆ ಗಿಳತೆ ನೋಡದೆ ರೆಡ್‌ಟೇಲ್ ಬಾಯಿ ಹಾಕುತ್ತದೆ. 'ಇಷ್ಟು ದಿನ ಚೆನ್ನಾಗಿದ್ದವು, ಇದ್ದಕ್ಕಿದ್ದಂತೆ ತಿಂದುಬಿಟ್ಟಿತು' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಏರ್ ಪಂಪ್ ಎಷ್ಟು ಹೊತ್ತು ನಿಂತಿತ್ತು ಅಂತ. ಡಿಸೆಂಬರ್ ಚಳಿಯಲ್ಲೂ ಹುಷಾರು, ರೆಡ್‌ಟೇಲಿಗೂ ರೂಪ್‌ಚಂದ್‌ಗೂ ತಣ್ಣೀರು ಆಗಲ್ಲ.

ಹೊಸಬರನ್ನು ಸಂಜೆ ಬಿಡಬೇಡಿ. ಹಿಂದಿನ ರಾತ್ರಿ ರೆಡ್‌ಟೇಲಿಗೆ ಹೊಟ್ಟೆ ತುಂಬಾ ಹಾಕಿ, ಬೆಳಗ್ಗೆ ಬಿಸಿಲೇರುವ ಮುಂಚೆ ಬಿಡಿ, ಎಲ್ಲವನ್ನೂ ಒಟ್ಟಿಗೆ. ಒಂಟಿಯಾಗಿ ಬಿಟ್ಟ ಮೀನು ಮೂಲೆ ಸೇರುತ್ತದೆ, ಮೂಲೆಯಲ್ಲೇ ತಾನೇ ರೆಡ್‌ಟೇಲ್ ಮಲಗಿರೋದು.

ನೀವು ಕೇಳದಿದ್ದರೂ ಒಂದು ಮಾತು. ತೊಟ್ಟಿ ತುಂಬಿ ಹರಿಯುವ ಪೈಪಿಗೆ ಜಾಲರಿ ಹಾಕಿದ್ದೀರಾ? 2018ರ ನೆರೆಯಲ್ಲಿ ಕೇರಳದ ಚಾಲಕ್ಕುಡಿ ಹೊಳೆಗೆ ಯಾರ್‍ಯಾರದೋ ತೊಟ್ಟಿಯ ಅರಪೈಮಾಗಳು (ಅಮೆಜಾನಿನ ದೈತ್ಯ ಮೀನು) ಸೇರಿಕೊಂಡು ಮೀನುಗಾರರ ಬಲೆಗೆ ಬಿದ್ದಿದ್ದವು. ಸಾಕೋಕೆ ಆಗದಷ್ಟು ದೊಡ್ಡದಾದರೆ ನಿಮಗಿಂತ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ, ಊರ ಕೆರೆಗೆ ಬಿಡಬೇಡಿ. ಜಾಲರಿ ಇಲ್ಲದಿದ್ದರೆ ಮೀನು ತರುವ ಮುಂಚೆ ಅದನ್ನು ಹಾಕಿಸಿ.