ಆ ಹೊತ್ತಿಗೆ ಆಕೆ ಅಲ್ಲಿದ್ದಳು

ಓದುಗರ ಪತ್ರ: “ಜೀನೋಮ್ (ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ) ದತ್ತಾಂಶ ವಿಜ್ಞಾನದಲ್ಲಿ ವಿರಳವಾಗಿ ಕಾಣಿಸಿಕೊಳ್ಳುವ ಸಮುದಾಯಗಳ ಸಂಶೋಧಕರಿಗಾಗಿ ಅಮೆರಿಕದಲ್ಲಿರುವ ಫೆಲೋಶಿಪ್‌ಗಳನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ತನ್ನನ್ನು ಓದುವವರ ಮೈಬಣ್ಣ ಡಿಎನ್‌ಎಗೆ ಗೊತ್ತಾಗುವುದಿಲ್ಲ. ದತ್ತಾಂಶವೂ ಬಹಳಷ್ಟು ಮುಕ್ತವಾಗಿದೆ, ಬೇಕಾದವರು ಇಳಿಸಿಕೊಂಡು ವಿಶ್ಲೇಷಿಸಬಹುದು. ಪ್ರತಿಭೆಗೆ ಒಂದು ಬಾಗಿಲು ಇರುವಾಗ ಇನ್ನೊಂದು ಏಕೆ?”
– ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ: ನನ್ನನ್ನು ಬೈದು ಬರುವ ಪತ್ರಗಳಲ್ಲಿ ವಾಕ್ಯ ನೆಟ್ಟಗಿರುವುದು ಅಪರೂಪ. ನಿಮ್ಮದು ನೆಟ್ಟಗಿದೆ, ಹಾಗಾಗಿ ಉತ್ತರ ಉದ್ದವಾದರೆ ತಪ್ಪು ನಿಮ್ಮದೇ.

ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ವಾರ್ಷಿಕ ವರದಿಯ ಮುಖಪುಟಕ್ಕೆ ಒಳ್ಳೆಯ ಫೋಟೊ ಸಿಗಲಿ ಎಂದೇ ಹುಟ್ಟಿಕೊಂಡ ಫೆಲೋಶಿಪ್‌ಗಳೂ ಇವೆ. ಆಯ್ಕೆಯಾದವರಿಗೆ ಸಂಖ್ಯಾಶಾಸ್ತ್ರ ಬರಬೇಕು, ಕೋಡ್ ಬರೆಯಲು ಬರಬೇಕು, ಅದರಲ್ಲಿ ರಿಯಾಯಿತಿ ಕೂಡದು. ಸರಿ, ಇನ್ನು ಜಗಳಕ್ಕೆ ಬರೋಣ.

ಡಿಎನ್‌ಎಗೆ ಬಣ್ಣ ಗೊತ್ತಾಗುವುದಿಲ್ಲ, ನಿಜ. ಆದರೆ ಯಾರ ಡಿಎನ್‌ಎ ಓದಬೇಕೆಂದು ತೀರ್ಮಾನಿಸುವುದು ಡಿಎನ್‌ಎ ಅಲ್ಲವಲ್ಲ! ಕಾಯಿಲೆಯ ನಂಟನ್ನು ಇಡೀ ಜೀನೋಮಿನಲ್ಲಿ ಹುಡುಕುವ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಯುರೋಪಿಯನ್ ಮೂಲದವರು 2009ರಲ್ಲಿ ಶೇ. 96ರಷ್ಟಿದ್ದರು. 2016ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಶೇ. 81. ಇಳಿಯಿತಲ್ಲ ಎನ್ನಬೇಡಿ, ಆ ಇಳಿಕೆಯ ಬಹುಪಾಲು ಏಷ್ಯಾ ಮೂಲದವರ ಅಧ್ಯಯನಗಳು ಹೆಚ್ಚಿದ್ದರಿಂದ ಆದದ್ದು. ಆಫ್ರಿಕಾ ಮೂಲದವರು ಆಗಲೂ ಶೇ. 3ರ ಆಸುಪಾಸಿನಲ್ಲೇ ಇದ್ದರು.

ಇದರ ಬೆಲೆಯನ್ನು ರೋಗಿ ತೆರುತ್ತಾನೆ. ಹೃದಯದ ಸ್ನಾಯು ದಪ್ಪಗಾಗುವ ಆನುವಂಶಿಕ ಕಾಯಿಲೆಯೊಂದಿದೆ. ಅದಕ್ಕೆ ಕಾರಣವೆಂದು ಗುರುತಿಸಲಾಗಿದ್ದ ಕೆಲವು ಜೀನ್ ರೂಪಾಂತರಗಳು ಅಮೆರಿಕದ ಕಪ್ಪು ಜನರಲ್ಲಿ ಸಾಮಾನ್ಯ, ನಿರಪಾಯಕಾರಿ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಷ್ಟರಲ್ಲಿ ಕೆಲವರ ಕೈಗೆ ‘ನಿಮಗೆ ಅಪಾಯವಿದೆ’ ಎಂಬ ವರದಿ ಹೋಗಿಯಾಗಿತ್ತು. ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರ ಗುಂಪಿನಲ್ಲಿ ಒಂದಷ್ಟು ಕಪ್ಪು ಜನರಿದ್ದಿದ್ದರೂ ಎಡವಟ್ಟು ತಪ್ಪುತ್ತಿತ್ತು.

ಇದರ ಮಗ್ಗುಲಲ್ಲೇ ಡಲ್ಲಾಸ್ ನಗರದ ಹೃದಯ ಅಧ್ಯಯನವನ್ನು ಇಟ್ಟು ನೋಡಿ. ಅದಕ್ಕೆ ಕಪ್ಪು ಜನರನ್ನು ಬೇಕೆಂದೇ ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿದ್ದರು. ಅವರಲ್ಲಿ ಕೆಲವರಿಗೆ ಪಿಸಿಎಸ್‌ಕೆ9 ಎಂಬ ಜೀನ್ ಹುಟ್ಟಿನಿಂದಲೇ ಕೆಟ್ಟಿತ್ತು, ಕೊಲೆಸ್ಟರಾಲ್ ತೀರಾ ಕಡಿಮೆಯಿತ್ತು. ಕೆಟ್ಟ ಜೀನು ಹೃದಯವನ್ನು ಕಾಯುತ್ತದೆಂದು ಗೊತ್ತಾದ ಮೇಲೆ ಅದನ್ನೇ ಅನುಕರಿಸುವ ಔಷಧಿಗಳು ಬಂದವು, 2015ರಲ್ಲಿ ಅನುಮತಿಯೂ ಸಿಕ್ಕಿತು. ಇಂದು ಅವುಗಳನ್ನು ಎಲ್ಲ ಬಣ್ಣದವರೂ ಚುಚ್ಚಿಸಿಕೊಳ್ಳುತ್ತಾರೆ.

ನೀವು ಇಲ್ಲಿ ನನ್ನನ್ನು ಹಿಡಿಯುತ್ತೀರಿ, ಬಲ್ಲೆ. ‘ಅದನ್ನು ಕಂಡುಹಿಡಿದವರು ಕಪ್ಪು ಜನರಲ್ಲವಲ್ಲ, ಹಾಗಾದರೆ ವೈವಿಧ್ಯ ಬೇಕಿರುವುದು ರಕ್ತದ ಮಾದರಿಗಳಲ್ಲಿ, ವಿಜ್ಞಾನಿಗಳಲ್ಲಲ್ಲ.’ ಒಳ್ಳೆಯ ಪಟ್ಟು. ಇದಕ್ಕೆ ನನ್ನ ಉತ್ತರ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದಲ್ಲಿದೆ.

ಹವಾಸುಪಾಯಿ ಎಂಬ ಸಣ್ಣ ಬುಡಕಟ್ಟಿನ ಊರು ಅದು. ಅಲ್ಲಿನವರಿಗೆ ಸಕ್ಕರೆ ಕಾಯಿಲೆಯ ಕಾಟ. ಅದಕ್ಕೊಂದು ದಾರಿ ಸಿಕ್ಕೀತೆಂದು ಅವರು 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ಕೊಟ್ಟರು. ಆ ರಕ್ತವು, ಕೊಟ್ಟವರಿಗೆ ಅರಿವಿಲ್ಲದಂತೆ, ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ, ರಕ್ತಸಂಬಂಧಿಗಳ ನಡುವಿನ ಸಂತಾನ, ಪೂರ್ವಜರ ವಲಸೆ ಮುಂತಾದ ಅಧ್ಯಯನಗಳಿಗೂ ಬಳಕೆಯಾಯಿತು. ಪ್ರಬಂಧಗಳು ಬಂದವು, ಪದವಿಗಳು ಬಂದವು. 2003ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್‌ಡಿ ಪ್ರಬಂಧದ ಮಂಡನೆ. ಕೇಳುಗರ ನಡುವೆ ಆ ಬುಡಕಟ್ಟಿನ ವಿದ್ಯಾರ್ಥಿನಿಯೊಬ್ಬಳಿದ್ದಳು. ಎದ್ದು ಕೇಳಿದಳು: ಇದಕ್ಕೆ ನಮ್ಮವರ ಒಪ್ಪಿಗೆ ಪಡೆದಿದ್ದೀರಾ?

ಅಷ್ಟೇ. ಮುಂದೆ ಮೊಕದ್ದಮೆ ನಡೆಯಿತು, 2010ರಲ್ಲಿ 7 ಲಕ್ಷ ಡಾಲರಿನ ರಾಜಿಯಾಯಿತು, ಉಳಿದಿದ್ದ ರಕ್ತ ಊರಿಗೆ ಮರಳಿತು. ಹದಿಮೂರು ವರ್ಷ ಆ ಮಾದರಿಗಳನ್ನು ಎಷ್ಟೋ ಪ್ರತಿಭಾವಂತರು ಮುಟ್ಟಿದ್ದರು, ನಿಮ್ಮ ಆ ಒಂದೇ ಬಾಗಿಲಿನಿಂದ ಒಳಬಂದವರು. ಅವರಿಗೇಕೆ ಆ ಪ್ರಶ್ನೆ ಹೊಳೆಯಲಿಲ್ಲ? ಕೆಟ್ಟವರೆಂದಲ್ಲ. ಅದು ಅವರ ಅಜ್ಜಿಯ ರಕ್ತವಾಗಿರಲಿಲ್ಲ.

ಮೂಲನಿವಾಸಿ ತರುಣರಿಗೆ ಜೀನೋಮ್ ವಿಜ್ಞಾನ ಕಲಿಸುವ ‘ಸಿಂಗ್’ ಎಂಬ ಬೇಸಿಗೆ ಶಿಬಿರ 2011ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ರಕ್ತ ಕೊಡುವವರ ಮಕ್ಕಳೇ ದತ್ತಾಂಶದ ಮುಂದೆ ಕುಳಿತಾಗ ಪ್ರಶ್ನೆ ಪಿಎಚ್‌ಡಿ ಮಂಡನೆಯ ದಿನದವರೆಗೆ ಕಾಯಬೇಕಾಗಿಲ್ಲ. ಇದನ್ನೇ ನೀವು ಎರಡನೇ ಬಾಗಿಲು ಎಂದಿರಿ.

ಮೊದಲನೆಯ ಬಾಗಿಲಾದರೂ ಎಲ್ಲರಿಗೂ ಒಂದೇ ಅಗಲವೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಸಂಶೋಧನಾ ಅನುದಾನದ ಅರ್ಜಿಗಳನ್ನು ಪರಿಶೀಲಿಸಿದ 2011ರ ಅಧ್ಯಯನದಲ್ಲಿ, ಓದು, ತರಬೇತಿ, ಪ್ರಕಟಣೆ ಎಲ್ಲವನ್ನೂ ಸರಿದೂಗಿಸಿ ನೋಡಿದ ಮೇಲೂ ಕಪ್ಪು ಅರ್ಜಿದಾರರ ಯಶಸ್ಸು ಬಿಳಿಯರಿಗಿಂತ ಹತ್ತು ಶೇಕಡಾ ಅಂಶ ಹಿಂದಿತ್ತು. ಆ ಅಂತರದಲ್ಲಿ ಐದರಲ್ಲೊಂದು ಪಾಲಿಗೆ ಅವರು ಆರಿಸಿಕೊಂಡ ವಿಷಯವೇ ಕಾರಣವೆಂದು 2019ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ಸಮುದಾಯದ ಆರೋಗ್ಯದಂಥ ವಿಷಯಗಳಿಗೆ ಹಣ ಸಿಗುವುದೇ ಕಡಿಮೆ. ನಿಮ್ಮವರ ಕಾಯಿಲೆಯ ಬಗ್ಗೆ ಕೇಳಿದಿರೋ, ಕೆಟ್ಟಿರಿ.

‘ದತ್ತಾಂಶ ಮುಕ್ತವಾಗಿದೆ’ ಎನ್ನುತ್ತೀರಿ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಕ್ಷಮಿಸಿ. ಪತ್ರಿಕಾ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೊಂದು ಕಚೇರಿಯಲ್ಲಿ ಆರು ತಿಂಗಳು ಸಂಬಳವಿಲ್ಲದೆ ಕಲಿತೆ. ಅವಕಾಶ ಎಲ್ಲರಿಗೂ ಮುಕ್ತ ಎಂದೇ ಪ್ರಕಟಣೆಯಿತ್ತು. ನನ್ನ ಜೊತೆಗೆ ಸೇರಿದ ಗೆಳೆಯ ನನಗಿಂತ ಚೆನ್ನಾಗಿ ಬರೆಯುತ್ತಿದ್ದ, ಮೂರನೇ ವಾರಕ್ಕೆ ಬಿಟ್ಟು ಹೋದ. ನನಗೆ ಹಣ ಕಳಿಸಲು ಅಣ್ಣನಿದ್ದ, ಅವನಿಗೆ ಅವನೇ ಅಣ್ಣ. ಇವತ್ತು ಈ ಕುರ್ಚಿಯಲ್ಲಿ ಕುಳಿತು ಪ್ರತಿಭೆಯ ಬಗ್ಗೆ ಉಪದೇಶ ಕೊಡುತ್ತಿರುವವನು ನಾನು. ಜೀನೋಮಿನ ಕಡತ ಇಳಿಸಿಕೊಳ್ಳಲು ಕಾಸು ಬೇಡದಿರಬಹುದು, ಅದರ ಮುಂದೆ ಎರಡು ವರ್ಷ ಕೂರಲು ಬೇಕು. ಫೆಲೋಶಿಪ್ ಎಂದರೆ ಬಹುಮಟ್ಟಿಗೆ ಆ ಎರಡು ವರ್ಷದ ಬಾಡಿಗೆ.

ಅದನ್ನೂ ಕಿತ್ತುಕೊಳ್ಳುತ್ತಾರೆ. ವೈವಿಧ್ಯಮಯ ಜೀನೋಮ್ ಸಂಶೋಧಕರ ಪಡೆ ಕಟ್ಟಲು 2030ರವರೆಗಿನ ಕಾರ್ಯಸೂಚಿಯನ್ನು ಅಮೆರಿಕದ ರಾಷ್ಟ್ರೀಯ ಮಾನವ ಜೀನೋಮ್ ಸಂಶೋಧನಾ ಸಂಸ್ಥೆ ಪ್ರಕಟಿಸಿದ್ದು 2021ರಲ್ಲಿ. 2025ರಲ್ಲಿ ಅದರ ಮಾತೃಸಂಸ್ಥೆಯಾದ ಎನ್‌ಐಎಚ್, ವೈವಿಧ್ಯಕ್ಕೆಂದಿದ್ದ ಹಲವು ತರಬೇತಿ ಯೋಜನೆಗಳನ್ನು ನಿಲ್ಲಿಸಿತು. ಏಣಿ ಹತ್ತಿಸಿ ಏಣಿ ತೆಗೆಯುವವರಿಗೆ ಯಾರೂ ಪತ್ರ ಬರೆಯುವುದಿಲ್ಲ, ಬರೆದರೆ ಸಂಪಾದಕನಿಗೆ!

ನೀವು ಎಲ್ಲಿ ಓದಿದಿರಿ, ಆ ವರ್ಷಗಳಲ್ಲಿ ನಿಮ್ಮ ಬಾಡಿಗೆ ಕಟ್ಟಿದವರು ಯಾರು ಎಂಬುದು ಪತ್ರದಲ್ಲಿಲ್ಲ. ಮುಂದಿನ ಪತ್ರದಲ್ಲಿ ಅದನ್ನೂ ಬರೆಯಿರಿ. ಅದನ್ನೂ ಹೆಸರಿಲ್ಲದೆಯೇ ಹಾಕುತ್ತೇನೆ.