ದಿನಬಳಕೆಗೆ ಕಂಪ್ಯೂಟರ್ ಎಷ್ಟು ಚಿಕ್ಕದಿದ್ದರೆ ನಡೆಯುತ್ತದೆ?

ಪೆಟ್ಟಿಗೆ ಎಷ್ಟು ಬೇಕಾದರೂ ಕುಗ್ಗೀತು. ಬೆರಳು, ಕಣ್ಣು ಕುಗ್ಗುವುದಿಲ್ಲ. ಮಿತಿ ಇರುವುದೇ ಅಲ್ಲಿ.

ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ್ದರ ನಡುವಿಗೆ ಸುಮಾರು 19 ಮಿ.ಮೀ. ಅದು 17ಕ್ಕಿಂತ ಕೆಳಗಿಳಿದರೆ ಟೈಪಿಂಗ್ ತಪ್ಪುಗಳು ಶುರು. 2007ರಲ್ಲಿ ಬಂದ ಆಸುಸ್‌ನ ‘ಈ ಪಿಸಿ 701’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪಿನ ಪರದೆ 7 ಇಂಚು, 800×480 ಪಿಕ್ಸೆಲ್; ಎಷ್ಟೋ ವೆಬ್ ಪುಟಗಳನ್ನು ಅಡ್ಡಕ್ಕೂ ಸರಿಸಿ ಓದಬೇಕಿತ್ತು. ಕನ್ನಡ ಓದುವವರಿಗೆ ಇನ್ನೊಂದು ತೊಡಕು: ಅಕ್ಷರ ಚಿಕ್ಕದಾದಷ್ಟೂ ‘ಸ್ತ್ರೀ’, ‘ಲಕ್ಷ್ಮಿ’ಯಂಥವುಗಳ ಒತ್ತು ಕಲಸಿಹೋಗುತ್ತದೆ. ಲ್ಯಾಪ್‌ಟಾಪ್ ಆದರೆ 12–13 ಇಂಚಿಗಿಂತ ಕೆಳಗೆ ಹೋಗಬೇಡಿ.

ಮಾನಿಟರ್, ಕೀಬೋರ್ಡ್ ಮನೆಯಲ್ಲಿದ್ದರೆ ಕತೆಯೇ ಬೇರೆ. ಬ್ರೌಸಿಂಗ್, ಪತ್ರ, ಲೆಕ್ಕಪತ್ರಕ್ಕೆ ರಾಸ್ಪ್‌ಬೆರಿ ಪೈ 5 ಎಂಬ ಒಂದೇ ಬೋರ್ಡಿನ ಕಂಪ್ಯೂಟರ್ ಸಾಕು: ಬೋರ್ಡು ಬರೀ 85×56 ಮಿ.ಮೀ. 8 ಜಿಬಿ ರ‍್ಯಾಮಿನದ್ದೇ ಕೊಳ್ಳಿ. ಹೆಚ್ಚಿನವರು ಎಡವುವುದು ಚಾರ್ಜರಿನಲ್ಲಿ. ಪೈ ಕೇಳುವುದು 5 ವೋಲ್ಟ್, 5 ಆಂಪಿಯರ್; 3 ಆಂಪಿಯರಿನದ್ದು ಹಾಕಿದರೆ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಅಷ್ಟೇ, ಹೊರಗಿನ ಹಾರ್ಡ್‌ಡಿಸ್ಕ್ ಕಟ್ ಆಗುತ್ತಾ ಇರುತ್ತದೆ. ಫ್ಯಾನಿಲ್ಲದೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ 80 ಡಿಗ್ರಿ ದಾಟಿದ ಮೇಲೆ ವೇಗ ತಾನಾಗಿ ತಗ್ಗುತ್ತದೆ. ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿ. ಮಾನಿಟರಿನ ಕೇಬಲ್ ಕೊಳ್ಳುವಾಗ ನೆನಪಿರಲಿ, ಬೋರ್ಡಿನ ತುದಿಗೆ ಬೇಕಾದ್ದು ಮೈಕ್ರೊ ಎಚ್‌ಡಿಎಂಐ.