ಜಿಗ್‌ಸಾ, ಡ್ರಿಲ್ ಮಾತ್ರ ಇದೆ. 10 ಇಂಚಿನ ಸಬ್‌ವೂಫರ್‌ಗೆ ಮನೆಯಲ್ಲೇ ಬಾಕ್ಸ್ ಮಾಡಬಹುದೇ?

ಖಂಡಿತ ಮಾಡಬಹುದು. ಆದರೆ ಮೊದಲ ಸಲಕ್ಕೆ ಪೋರ್ಟ್ (ಬಾಕ್ಸಿನಿಂದ ಹೊರಕ್ಕೆ ಗಾಳಿ ಆಡುವ ಕೊಳವೆ) ಬೇಡ, ಪೂರ್ತಿ ಮುಚ್ಚಿದ ಸೀಲ್ಡ್ ಬಾಕ್ಸ್ ಮಾಡಿ. ಪೋರ್ಟಿನ ಉದ್ದ ತಪ್ಪಿದರೆ ಟ್ಯೂನಿಂಗೇ, ಅಂದರೆ ಪೋರ್ಟ್ ಅನುರಣಿಸುವ ಆವರ್ತನವೇ, ತಪ್ಪುತ್ತದೆ, ಅದಕ್ಕಿಂತ ಕೆಳಗಿನ ಬಾಸ್ ಬಂದಾಗ ಕೋನಿಗೆ (ಸ್ಪೀಕರಿನಲ್ಲಿ ಅದುರುವ ಶಂಕುವಿಗೆ) ಗಾಳಿಯ ತಡೆ ಸಿಗದೆ ಅಳತೆ ಮೀರಿ ಕುಣಿಯುತ್ತದೆ. ಸೀಲ್ಡ್ ಬಾಕ್ಸಿನಲ್ಲಿ ಒಂದು ಲೀಟರ್ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಗಾಳಿ ಸೋರಬಾರದು, ಹಲಗೆ ಅದುರಬಾರದು, ಅಷ್ಟೇ.

ಡ್ರೈವರ್ (ಬಾಕ್ಸಿಲ್ಲದ ಬರೀ ಸ್ಪೀಕರ್) ಜೊತೆ ಬಂದ ಹಾಳೆಯಲ್ಲಿ ಕ್ಯೂಟಿಎಸ್ (Qts, ಕೋನಿನ ಅದುರಾಟ ಎಷ್ಟು ಹತೋಟಿಯಲ್ಲಿದೆ ಎನ್ನುವ ಅಂಕಿ), ವಿಎಎಸ್ (Vas, ಕೋನಿನ ತೂಗುಪಟ್ಟಿಯಷ್ಟೇ ಸ್ಪ್ರಿಂಗ್‌ತನ ಇರುವ ಗಾಳಿಯ ಗಾತ್ರ) ನೋಡಿ. ವಿಎಎಸ್ ಅನ್ನು ಬಾಕ್ಸಿನ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆದು ಕ್ಯೂಟಿಎಸ್‌ನಿಂದ ಗುಣಿಸಿ. ಉತ್ತರ 0.7ರ ಆಸುಪಾಸು ಇದ್ದರೆ ಬಾಸ್ ಬಿಗಿಯಾಗಿರುತ್ತದೆ, 1 ದಾಟಿದರೆ ಗುಂಯ್ಗುಡುತ್ತದೆ. ಕ್ಯೂಟಿಎಸ್ 0.45, ವಿಎಎಸ್ 45 ಲೀಟರ್ ಇರುವ ಡ್ರೈವರಿಗೆ 31 ಲೀಟರ್ ಸರಿಹೋಗುತ್ತದೆ.

ಅದಕ್ಕೆ 18 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಹೊರಗಿನಿಂದ ಎಲ್ಲ ಕಡೆ 36 ಸೆಂ.ಮೀ. ಇರುವ ಬಾಕ್ಸ್ ಸಾಕು. ಮೇಲೆ-ಕೆಳಗೆ 36×36, ಪಕ್ಕಗಳಿಗೆ 36×32.4, ಮುಂದೆ-ಹಿಂದೆ 32.4×32.4, ತಲಾ ಎರಡು. ಒಳಗೆ 34 ಲೀಟರ್ ಸಿಗುತ್ತದೆ, ಡ್ರೈವರ್ ಮತ್ತು ಒಳಪಟ್ಟಿಗಳು ಹೆಚ್ಚುಕಡಿಮೆ 3 ಲೀಟರ್ ತಿನ್ನುತ್ತವೆ. ಹೊರ ಅಳತೆಯಿಂದಲೇ ಲೆಕ್ಕ ಹಾಕುವವರಿಗೆ ಇದೇ ಬಾಕ್ಸ್ ಸುಮಾರು 47 ಲೀಟರ್ ಅಂತ ಕಾಣುತ್ತದೆ, ಎಡವುವುದು ಅಲ್ಲೇ.

ನೇರ ಕತ್ತರಿಕೆಯನ್ನು ಹಲಗೆ ಮಾರುವವರ ಮೆಷಿನ್‌ನಲ್ಲೇ ಮಾಡಿಸಿ. ಜಿಗ್‌ಸಾ ಬ್ಲೇಡ್ ದಪ್ಪ ಹಲಗೆಯೊಳಗೆ ಓರೆಯಾಗಿ ಹೋಗುತ್ತದೆ, ಮೂಲೆಗಳಲ್ಲಿ ಸಂದು ಉಳಿಯುತ್ತದೆ. ನಿಮ್ಮ ಜಿಗ್‌ಸಾ ಡ್ರೈವರಿನ ರಂಧ್ರಕ್ಕೆ ಸಾಕು. ಪಟ್ಟಿಯೊಂದಕ್ಕೆ ಮೊಳೆ, ಪೆನ್ಸಿಲ್ ಸಿಕ್ಕಿಸಿ ವೃತ್ತ ಎಳೆಯಿರಿ (ದಾರ ಹಿಗ್ಗುತ್ತದೆ, ಬೇಡ), ಗೆರೆಯ ಒಳಬದಿಗೆ 10 ಮಿ.ಮೀ. ತೂತು ಕೊರೆದು ಅಲ್ಲಿಂದ ಕತ್ತರಿಸಿ. ಮಾಸ್ಕ್ ಹಾಕದೆ ಎಂಡಿಎಫ್ ಮುಟ್ಟಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಜೋಡಿಸುವಾಗ ಹಿಡಿದಿಡುವುದು ಅಂಟು. ಸ್ಕ್ರೂ ಇರುವುದು ಅಂಟು ಒಣಗುವವರೆಗೆ ಹಲಗೆಗಳನ್ನು ಒತ್ತಿಡಲು. ಎಂಡಿಎಫ್‌ನ ಅಂಚು ಅಂಟನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಒಮ್ಮೆ ಸವರಿ ಐದು ನಿಮಿಷ ಬಿಟ್ಟು ಮತ್ತೆ ಸವರಿ. 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು ಮೊದಲೇ ಕೊರೆಯಿರಿ, ಮೂಲೆಯಿಂದ 5 ಸೆಂ.ಮೀ. ದೂರವಿರಲಿ, ಇಲ್ಲವಾದರೆ ಅಂಚು ಪದರಪದರವಾಗಿ ಸೀಳುತ್ತದೆ. ಬಿಗಿಯುವ ಮುನ್ನ ಎರಡೂ ಕರ್ಣ ಅಳೆಯಿರಿ, ಸಮ ಇದ್ದರೆ ಚೌಕ ಸರಿಯಾಗಿದೆ. ಎದುರುಬದುರು ಪಕ್ಕಗಳ ನಡುವೆ, ಮ್ಯಾಗ್ನೆಟ್‌ಗೆ ತಾಗದಂತೆ, 5 ಸೆಂ.ಮೀ. ಅಗಲದ ಎರಡು ಅಡ್ಡಪಟ್ಟಿ ಕೊಡಿ.

ಒಂದು ದಿನ ಒಣಗಲಿ. ಆಮೇಲೆ ಒಳಸಂದಿಗೆಲ್ಲ ಅಂಟಿನಲ್ಲಿ ಕಲಸಿದ ಮರದ ಪುಡಿಯನ್ನು ಬೆರಳಿನಿಂದ ಒತ್ತಿ ಬಳಿಯಿರಿ. ಸಿಲಿಕೋನ್ ಬಳಸುವುದಾದರೆ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಡ್ರೈವರ್ ಕೂರಿಸಬೇಡಿ, ಆ ಆಮ್ಲದ ಹಬೆ ಲೋಹವನ್ನು ತಿನ್ನುತ್ತದೆ. ಡ್ರೈವರಿನ ಅಂಚಿನಡಿ ಫೋಮ್ ಟೇಪ್ ಹಾಕಿ, ಎದುರೆದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ.

ಕೊನೆಗೆ ಕೋನನ್ನು ಎರಡು ಕೈಯಿಂದ ಮೆಲ್ಲಗೆ ಒಳಗೊತ್ತಿ, ಒಂದೆರಡು ಕ್ಷಣ ಹಿಡಿದು ಬಿಡಿ. ನಿಧಾನಕ್ಕೆ ಮೇಲೆದ್ದರೆ ಬಾಕ್ಸ್ ಬಿಗಿಯಾಗಿದೆ. ತಟ್ಟನೆ ಪುಟಿದರೆ ಎಲ್ಲೋ ಸೋರುತ್ತಿದೆ: ಕಡಿಮೆ ಸದ್ದಿನಲ್ಲಿ 30 ಹರ್ಟ್ಸ್ ಟೋನ್ ಹಾಕಿ, ಒದ್ದೆ ಬೆರಳನ್ನು ಸಂದಿಗಳುದ್ದಕ್ಕೂ ಆಡಿಸಿ. ಮೊದಲು ನೋಡಬೇಕಾದ್ದು ವೈರ್ ಸಿಕ್ಕಿಸುವ ಟರ್ಮಿನಲ್ ಕಪ್‌ನ ಸುತ್ತ.